ತಲೆಯಿಂದ ತಲೆಗೆ

ಭಟ್ಟರ ಕೇರಿಯ ನಟ್ಟನಡುವೆ ಜಲಜಳ ಕುತ್ತಿಗೆ ನಡುಗಿತು. ತಲೆಯ ಮೇಲಿನ ಬಂಗುಡೆ ಬುಟ್ಟಿ ಓಲಾಡಿ, ಉಪ್ಪುನೀರು ಹುಬ್ಬಿನಿಂದಿಳಿದು ಕಣ್ಣು ಸೇರಿತು. ಹಿಂದೆ ಬರಿಗೈಯಲ್ಲಿ ಬರುತ್ತಿದ್ದ ಮಗಳು ರತ್ನ ಓಡಿಬಂದಳು.

"ಇಳ್ಸ್ ಅಬ್ಬಿ."

"ಹ್ವಾಯ್, ಇಳ್ಸುಕಾಗ!" ಜಗಲಿಯಲ್ಲಿದ್ದ ಸುಬ್ಬರಾಯ ಭಟ್ಟರು ಎದ್ದೇಬಿಟ್ಟರು. "ಈ ಕೇರಿಯಂಗೆ ಮೀನಿನ ಬುಟ್ಟಿ ನೆಲ ಮುಟ್ಟುಕಾಗ. ಏಳು ತಲೆಮಾರಿಂದ ನಡ್ಕಂಡ್ ಬಂದ ಕಟ್ಟ್ ಅದ್."

"ಗೊತ್ತಿತ್ ಒಡೆಯಾ," ಎಂದಳು ಜಲಜ, ತಲೆ ಅಲ್ಲಾಡಿಸದೆ. "ಅದ್ಕೇ ಮಗಳ್ನ್ ಕರ್ಕಂಡ್ ಬಂದದ್."

ಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದೆ ಓಡುತ್ತಿದ್ದದ್ದು ಒಂದೇ ಇದ್ದಿಲ ಬಸ್ಸು. ಮೀನಿಗೆ ಮೊದಲಿನಂತೆಯೇ ಅದರಲ್ಲೂ ಜಾಗವಿಲ್ಲ. ಬಿಸಿಲೇರುವ ಮೊದಲು ಮೂಡಣ ಹಳ್ಳಿಗಳನ್ನು ಮುಟ್ಟಲು ಈ ಕೇರಿಯೇ ಹತ್ತಿರ. ದಣಿದರೆ ಬುಟ್ಟಿ ಒಬ್ಬಳ ತಲೆಯಿಂದ ಇನ್ನೊಬ್ಬಳ ತಲೆಗೆ ಹೋಗಬೇಕು, ಅಷ್ಟೆ. ಇವತ್ತು ಹೊತ್ತರೆ ನಾಳೆಯೂ ಹೊರಬೇಕು, ಕುತ್ತಿಗೆ ಸೋಲುವವರೆಗೂ ಹೊರಬೇಕು. ಅದು ರತ್ನಳಿಗೆ ಗೊತ್ತಿತ್ತು. ಆದರೂ ತಲೆಯ ಮೇಲೆ ಸಿಂಬೆ ಇಟ್ಟುಕೊಂಡು, ತಾಯಿಯ ಹಣೆಗೆ ಹಣೆ ತಾಗಿಸಿ ನಿಂತಳು.

"ತಲೆಮಾರು ಅಂದ್ರೆ ಎಂತ ಅಬ್ಬಿ?"

"ಇದೇ. ಮಾರು ಅಂದ್ರೆ ಬದ್ಲಿ. ಬುಟ್ಟಿ ನೆಲ ಮುಟ್ಟದೆ ತಲೆಯಿಂದ ತಲೆಗೆ ದಾಟುದ್. ಈ ಕೇರಿಯಂಗೇ ಆ ಮಾತ್ ಹುಟ್ಟಿದ್ ಅಂತಿದ್ಲ್ ನನ್ನಜ್ಜಿ. ಸಾಕ್, ಕುತ್ಗಿ ಗಟ್ಟಿ ಹಿಡ್ಕೊ."

ಬುಟ್ಟಿ ಎರಡು ತಲೆಗಳ ನಡುವೆ ನಿಂತಿತು. ತಾಯಿಯ ಬಿಸಿಯುಸಿರು ಮುಖಕ್ಕೆ ತಾಗಿ ರತ್ನಳ ಕಣ್ಣು ಮಂಪರಾಯಿತು. ಅಬ್ಬಿಯ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಅವಳಬ್ಬಿ. ಕೇರಿ ದಾಟಿ, ಗದ್ದೆ ದಾಟಿ, ಉಪ್ಪುಂದದ ಕಡಲಿನವರೆಗೂ ಹೆಂಗಸರ ಸಾಲು. ಮೊಣಕಾಲುದ್ದದ ಅಲೆಯಲ್ಲೂ ನಿಂತಿದ್ದಾರೆ. ಒಂದೇ ಬುಟ್ಟಿ ಅವರ ಮೇಲೆ ತೇಲುತ್ತ, ತೇಲುತ್ತ ಬಂದಿದೆ. ಭಾರ ಹೋದವರ ಕುತ್ತಿಗೆಯೂ ಹಾಗೇ ಸೆಟೆದಿದೆ. ಎಲ್ಲರೂ ಅವಳನ್ನೇ ಕಾಯುತ್ತಿದ್ದಾರೆ.

ರತ್ನ ಎರಡೂ ಕೈಯಿಂದ ಬುಟ್ಟಿಯನ್ನೆತ್ತಿ ಬೀದಿಯ ಮಧ್ಯೆ ಕುಕ್ಕಿದಳು. ನಾಲ್ಕು ಬಂಗುಡೆ ಮಣ್ಣಿಗೆ ಹಾರಿದವು.

"ಅಯ್ಯಯ್ಯೋ, ಎಂತ ಮಾಡ್ದೆ ಹೆಣೆ!" ಭಟ್ಟರ ಸ್ವರ ಕೀರಲಾಯಿತು. "ಇನ್ನ್ ಇಡೀ ಕೇರಿ ತೊಳ್ಸ್ಕಾಯ್ತಲ್ಲ!"

"ತೊಳ್ಸಿ ಒಡೆಯಾ. ಅಷ್ಟೊತ್ತಿಗೆ ನಮ್ಮಬ್ಬಿ ಒಂಚೂರ್ ಕೂರ್ಲಿ."

ಜಲಜ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಹಗುರಾದ ತಲೆ ತಾನಾಗಿಯೇ ಮೇಲಕ್ಕೆದ್ದಿತ್ತು. ಮೂವತ್ತು ವರ್ಷ ಅವಳು ಈ ಕೇರಿ ದಾಟಿದ್ದು ಹೊರೆ ಹೊತ್ತೇ, ಕಣ್ಣು ಮೇಲೆತ್ತದೆ. ಮರಳುವಾಗ ಗದ್ದೆಯಂಚಿನ ದಾರಿ. ತೆರೆದ ಬಾಯಿ ತೆರೆದೇ ಇತ್ತು.

"ಹೆಣೆ," ಎಂದಳು ಮೆಲ್ಲಗೆ, "ಈ ಮನಿಗೆಲ್ಲ ಮಾಳಿಗೆ ಇತ್ತಾ?"