ಮಾಸ್ತರರ ದನಿ

ತೀರಿಹೋದವರ ದನಿಯನ್ನು ಯಂತ್ರದಲ್ಲಿ ಮರಳಿ ಕಟ್ಟುವುದು ವಿಜಯಪುರದ ಗುಪ್ತಚರ ಕಚೇರಿಯಲ್ಲಿ ಈಗ ದಿನನಿತ್ಯದ ಕೆಲಸ. ಧರ್ಮದ ಹೆಸರಿನಲ್ಲಿ ಕೊಲ್ಲಲು ಕರೆಯುವ ಉಗ್ರರಿಗೆ ಫೋನಿನಲ್ಲಿ ಮರುಳಾದ ಯುವಕರನ್ನು ಬಂಧಿಸುವ ಮೊದಲು, ಅವರು ಪ್ರೀತಿಸಿದ ಹಿರಿಯರೊಬ್ಬರ ದನಿಯಲ್ಲಿ ಯಂತ್ರ ಒಮ್ಮೆ ಫೋನ್ ಮಾಡಿ ಬುದ್ಧಿ ಹೇಳುತ್ತಿತ್ತು. ಆ ಮಧ್ಯಾಹ್ನ ಯಂತ್ರ ಆರಿಸಿಕೊಂಡದ್ದು ದಸ್ತಗೀರ ಮಾಸ್ತರರ ದನಿ. ಕೇಳುತ್ತ ಕೂತಿದ್ದ ಅಧಿಕಾರಿ ನಫೀಸಾ, ಆ ಮಾಸ್ತರರ ಮಗಳು.

“ಊಟ ಆತೇನಪಾ ಅದ್ನಾನ?”

ಎಷ್ಟೋ ವರ್ಷಗಳ ಮೇಲೆ ನಫೀಸಾ ಅಪ್ಪನ ದನಿ ಕೇಳಿದಳು. ಬೇಸಿಗೆಯ ಬೆಳಗು, ಹಳೆಯ ಬಾವಿ, ಆ ಬಾವಡಿಯ ಪಾಚಿಗಟ್ಟಿದ ಮೆಟ್ಟಿಲು, ಓಣಿಯ ಮಕ್ಕಳಿಗೆಲ್ಲ ಈಜು ಕಲಿಸುತ್ತಿದ್ದ ಅಪ್ಪನ ಒದ್ದೆ ಗಡ್ಡ, ಎಲ್ಲವೂ ಕಣ್ಣ ಮುಂದೆ ಬಂದವು.

ಉಗ್ರರನ್ನು ಸೇರಲು ಹೊರಟು ಬಸ್ ನಿಲ್ದಾಣದಲ್ಲಿ ನಿಂತಿದ್ದ ಅದ್ನಾನ್ ನಕ್ಕ. “ಅವರ ಕಡಿಂದ ಫೋನಿನಾಗ ನನ್ನ ಕರಿಯೋ ಆ ಭಾಯೀನೂ ಯಂತ್ರ, ನೀವೂ ಯಂತ್ರ. ಖರೇ ಮಾಸ್ತರಾಗಿದ್ರ ಹೇಳ್ರಿ, ಈಸಾಕ ಇಳಿಸೋವಾಗ ನನ್ನ ನಡಕ್ಕ ಏನ್ ಕಟ್ತಿದ್ರಿ?”

ಯಂತ್ರ ತಡವರಿಸಿತು. ನಿಯಮ ಒಪ್ಪದಿದ್ದರೂ ನಫೀಸಾ ಅದನ್ನು ನಿಲ್ಲಿಸಿ ಮೈಕನ್ನು ತನ್ನತ್ತ ಎಳೆದುಕೊಂಡಳು.

“ನನ್ನ ಹಸಿರು ಓಢಣಿ. ನಾನು ಅವರ ಮಗಳು ನಫೀಸಾ, ಇದೇ ಆಫೀಸಿನಾಗ ಕೆಲಸ ಮಾಡ್ತೀನಿ. ನಿನಗ ಸುಳ್ಳು ಹೇಳಂಗಿಲ್ಲ.”

ಫೋನಿನಾಚೆ ಕಂಡಕ್ಟರ್ ಊರುಗಳ ಹೆಸರು ಕೂಗುವುದು ಕೇಳಿಸುತ್ತಿತ್ತು.

“ನಫೀಸಾ ಆಪಾ, ಆ ಬಾವಡ್ಯಾಗ ಈಗೂ ನೀರು ಅದಾವೇನ್ರಿ?”

“ಅದಾವಂತ. ಬಾ, ನಾನೂ ನೋಡಿ ಭಾಳ ದಿನ ಆತು.”

ಬಸ್ಸು ಹೊರಟುಹೋದ ಸದ್ದು ಕೇಳಿತು. ಆಮೇಲೂ ಅದ್ನಾನ್ ನಿಲ್ದಾಣದಲ್ಲೇ, ಫೋನಿನಲ್ಲೇ ಇದ್ದ. ಮಾಸ್ತರರು ಬಾವಡಿಯ ನೀರಿನಲ್ಲಿ ಮೊದಲ ಸಲ ತನ್ನ ಕೈ ಬಿಟ್ಟ ದಿನದ ಕತೆಯನ್ನು ಅವರ ಮಗಳಿಗೆ ಹೇಳುತ್ತಿದ್ದ.