ಬರೆದವರದ್ದೇ ಹಕ್ಕು

ಎದುರಿಗಿರುವ ಇಬ್ಬರಲ್ಲಿ ಒಬ್ಬ ಸುಳ್ಳುಗಾರ. ಅದು ಯಾರೆಂದು ಪತ್ತೆ ಹಚ್ಚದೆ ಇವತ್ತು ಏಳುವುದಿಲ್ಲವೆಂದು ಹಕ್ಕುಸ್ವಾಮ್ಯದ ನೋಂದಣಾಧಿಕಾರಿಗಳು ಪಟ್ಟು ಹಿಡಿದಿದ್ದರು. ಎರಡೂ ಕಾಲನ್ನು ಕುರ್ಚಿಯ ಮೇಲೆಯೇ ಮಡಚಿಕೊಂಡಿದ್ದರು. ಹಳೆಯ ಕಡತಗಳ ಕೋಣೆ. ಕೆಳಗೆ ಏನೇನು ಹರಿದಾಡುತ್ತವೋ ಯಾರು ಬಲ್ಲರು?

ಒಬ್ಬರು ನಾಟಕದ ಮೇಷ್ಟ್ರು. ಇನ್ನೊಬ್ಬ ಪತ್ರಿಕೆಯ ಅಂಕಣಕಾರ. ಮೇಜಿನ ಮೇಲೆ ಊರನ್ನೆಲ್ಲ ನಗಿಸಿದ ‘ಆಫೀಸಿನ ಹುಲಿ’ ಕಾದಂಬರಿ. ಬರೆದವರ ಹೆಸರಿನ ಜಾಗದಲ್ಲಿ ‘ಅನಾಮಿಕ’ ಎಂದಷ್ಟೇ ಇತ್ತು. ಆ ಅನಾಮಿಕ ನಾನೇ ಎಂದು ಇಬ್ಬರೂ ಎದೆ ತಟ್ಟುತ್ತಿದ್ದರು.

ಹೊಸ ಕಾಯ್ದೆ ಬಂದ ಮೇಲೆ ಇದೇ ಮೊದಲ ವ್ಯಾಜ್ಯ. ‘ಕೃತಿ ಯಾರನ್ನೇ ಕುರಿತಿರಲಿ, ಹಕ್ಕು ಬರೆದವರದ್ದೇ’ ಎಂಬ ಕಲಮನ್ನು ಕರಡು ಸಮಿತಿಯಲ್ಲಿ ಹಟ ಹಿಡಿದು ಸೇರಿಸಿದವರು ಈ ಅಧಿಕಾರಿಗಳೇ. ತೀರ್ಪು ಬರುವತನಕ ಎರಡನೆಯ ಮುದ್ರಣ ನಿಂತಿತ್ತು. ಪುಸ್ತಕವನ್ನು ಮತ್ತೆ ಮತ್ತೆ ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ ಅಧಿಕಾರಿಗಳಿಗೆ, ಬರೆದ ಕೈಯನ್ನೊಮ್ಮೆ ಕುಲುಕುವ ಆಸೆಯೂ ಇತ್ತು.

“ಕಥೆಯಲ್ಲಿರೋ ಆ ಸಾಹೇಬ ನಿಮಗೆ ಎಲ್ಲಿ ಸಿಕ್ಕಿದ?” ಅಧಿಕಾರಿಗಳು ಮೊದಲು ಮೇಷ್ಟ್ರನ್ನು ಕೇಳಿದರು.

“ನಮ್ಮ ಹೆಡ್ಮಾಸ್ಟರು ಸಾರ್. ಅವರನ್ನ ನೋಡೇ ಬರೆದಿದ್ದು,” ಎಂದರು ಮೇಷ್ಟ್ರು.

“ಆಹಾ! ಕಥೆ ಪೂರ್ತಿ ಸಾಹೇಬರ ಸಂಸಾರದ್ದು. ನಿಮ್ಮ ಹೆಡ್ಮಾಸ್ಟರಿಗೆ ಮದುವೇನೇ ಆಗಿಲ್ವಲ್ರೀ!” ಅಂಕಣಕಾರ ತೊಡೆ ತಟ್ಟಿಕೊಂಡ.

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು.

“ಹಾಗಾದ್ರೆ ನಿಮಗೆಲ್ಲಿ ಸಿಕ್ಕಿದ?” ಅಧಿಕಾರಿಗಳು ಅಂಕಣಕಾರನತ್ತ ತಿರುಗಿದರು.

“ಕಲ್ಪನೆ ಸಾರ್. ಬರೀ ಕಲ್ಪನೆ.”

“ಕಲ್ಪನೇನಾ?” ಅಧಿಕಾರಿಗಳು ಗಹಗಹಿಸಿ ನಕ್ಕರು. “ಜಿರಲೆ ಕಂಡ್ರೆ ಮಂಚ ಹತ್ತಿ, ಅಲ್ಲಿಂದ್ಲೇ ಹೆಂಡ್ತಿಗೆ ‘ತಕ್ಷಣ ಕ್ರಮ ಕೈಗೊಳ್ಳಿ’ ಅಂತ ಹುಕುಂ ಮಾಡೋ ಗಂಡಸನ್ನ ಯಾರಾದ್ರೂ ಕಲ್ಪಿಸ್ಕೊಳ್ಳೋಕೆ ಆಗುತ್ತೇನ್ರೀ? ಅಂಥ ಹೆಡ್ಡನ ಜೊತೆ ವರ್ಷಗಟ್ಟಲೆ ಏಗಿರ್ಬೇಕು! ನೀವಿಬ್ರೂ ಸುಳ್ಳರೇ. ನಡೀರಿ ಆಚೆ.”

ಬಾಗಿಲ ಬಳಿ ನಿಂತಿದ್ದ ಗುಮಾಸ್ತನಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿಕೊಂಡಿತು. ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ಹೇಳಿದ, “ಸಾರ್... ಇನ್ನೂ ಒಬ್ರು ಹಕ್ಕು ಕೇಳ್ಕೊಂಡು ಬಂದಿದಾರೆ. ಹೊರಗೆ ಕಾಯ್ತಿದಾರೆ.”

“ಕಳಿಸು.”

ಬಾಗಿಲು ಕಿರುಗುಟ್ಟಿತು. ಅಧಿಕಾರಿಗಳು ಬರೆಯುತ್ತಿದ್ದ ಹಾಳೆಯಿಂದ ತಲೆ ಎತ್ತಲಿಲ್ಲ. “ಬರೆದವರು ನೀವೇ ಅನ್ನೋದಕ್ಕೆ ಸಾಕ್ಷಿ ತಂದಿದ್ದೀರಾ?”

“ಸಾಕ್ಷೀನ ಬೆಳಗ್ಗೆ ನಾನೇ ತಿಂಡಿ ಕೊಟ್ಟು ಆಫೀಸಿಗೆ ಕಳಿಸಿದ್ನಲ್ಲ, ರೀ!”