ಬಾಯಿಬಿಟ್ಟು ಹೇಳಿದ ಗಣಿತ

ಎರಡು ನಿಮಿಷ ಬಿಡುವಿದ್ದರೆ ಈಗಲೇ ಓದಿ... ಇಲ್ಲವೆಂದರೆ ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಓದಿ.

ರಾಣೆಬೆನ್ನೂರಿನಲ್ಲಿ ಫಕೀರಪ್ಪ ಮಾಸ್ತರ್ ಅಂತ ಇದ್ದಾರೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವರು.

ನಾನೂ ಅವರ ಶಿಷ್ಯನೇ... ಕಲಿತೆ ಅನ್ನುವುದಕ್ಕಿಂತ ಹೆದರಿಕೊಂಡು ಪಾಸಾದೆ ಅನ್ನಿ.

ಸುಮ್ಮನೆ ಕೂರುವ ಜೀವವಲ್ಲ ಅದು. ಮನೆಯ ಗೋಡೆಗೆ ಕರಿಹಲಗೆ ಹೊಡೆಸಿ, ಎದುರಿಗೆ ಫೋನ್ ನಿಲ್ಲಿಸಿ, ಯೂಟ್ಯೂಬ್ ಚಾನೆಲ್ ಶುರು ಮಾಡಿದರು. ಹೆಸರು "ಗಣಿತ ಅಂದ್ರ ಆಟ".

ಹೆಸರು ಮಾತ್ರ ಆಟ... ಪಾಠ ಅದೇ ಹಳೇ ಪಾಠ.

"ಇದನ್ನ ಆ ಕಡೆ ಒಯ್ದರ ಇದು ಮೈನಸ್ ಆತು... ಇದಕ ಇದು ಹೋತು... ಉಳೀತು ಇಷ್ಟು. ತಿಳೀತಿಲ್ಲೋ?"

ಒಂದು ದಿನ ಶಾಹೀನ ನದಾಫ ಎಂಬ ಹುಡುಗಿಯ ಕಾಮೆಂಟ್ ಬಂತು.

"ಸರ್, ಇದು ಅದು ಅನಬ್ಯಾಡ್ರಿ. ಏನ್ ಬರಿಯಾಕತ್ತೀರಿ ಅಂತ ಬಾಯಿಬಿಟ್ಟು ಹೇಳ್ರಿ."

ಮಾಸ್ತರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ವಿಡಿಯೋಗೂ ಅದೇ ಕಾಮೆಂಟ್... ಅದರ ಮುಂದಿನದಕ್ಕೂ ಅದೇ.

ಮಾಸ್ತರಿಗೆ ಪಿತ್ತ ನೆತ್ತಿಗೇರಿತು. ಬರೆದೇಬಿಟ್ಟರು.

"ಬೋರ್ಡಿನ ಮ್ಯಾಲೆ ಅಷ್ಟು ದಪ್ಪ ಬರದೀನಿ. ಕಣ್ಣಿಲ್ಲೇನು ನಿನಗ?"

ಹತ್ತು ನಿಮಿಷಕ್ಕೆ ಉತ್ತರ ಬಂತು.

"ಇಲ್ರಿ ಸರ್. ಹುಟ್ಟಿದಾಗಿಂದ ಇಲ್ಲ. ನೀವು ಕಾಮೆಂಟಿನ್ಯಾಗ ಬರದಿದ್ದನ್ನ ಅಷ್ಟ ಫೋನ್ ಓದಿ ಹೇಳತೈತ್ರಿ, ಬೋರ್ಡಿನ ಮ್ಯಾಲಿಂದಲ್ಲ. ನಾ ಹೇಳಿದ್ದನ್ನ ಅದ ಟೈಪ್ ಮಾಡತೈತಿ."

ಅದರ ಬೆನ್ನಿಗೇ ಅವಳ ಇನ್ನೊಂದು ಕಾಮೆಂಟ್ ಬಂತು. ಈ ಸಲ ಉದ್ದದ್ದು.

"ನಾ ಎಸ್ಸೆಸ್ಸೆಲ್ಸಿ ಅದೀನ್ರಿ. ನಮ್ಮಂಥವರು ಗಣಿತದ ಬದ್ಲಿ ಬ್ಯಾರೆ ಸಬ್ಜೆಕ್ಟ್ ತಗೋಬೌದು. ಸಾಲ್ಯಾಗ ಎಲ್ಲಾರೂ ಅದನ್ನ ತಗೋ ಅಂತಾರ. ಆದ್ರ ನನಗ ಮುಂದ ಕಂಪ್ಯೂಟರ್ ಕಲಿಬೇಕೈತಿ, ಗಣಿತನ ಬೇಕು.

ಪರೀಕ್ಷಾದಾಗ ನಾ ಹೇಳಿದ್ದನ್ನ ಇನ್ನೊಬ್ಬ ಹುಡುಗಿ ಬರೀತಾಳ್ರಿ. 'ಇದನ್ನ ಆ ಕಡೆ ಒಯ್ಯಿ' ಅಂದ್ರ ಆಕಿ ಏನಂತ ಬರೀಬೇಕ್ರಿ? ಹದಿನೈದು ದಿನದಾಗ ಫಾರ್ಮ್ ತುಂಬಬೇಕು. ನೀವು ಹೇಳಿಕೊಟ್ರ ಗಣಿತ ಅಂತ ಬರಸ್ತೀನಿ... ಇಲ್ಲಾಂದ್ರ ಬಿಡ್ತೀನಿ."

ಮಾಸ್ತರ್ ತಮ್ಮದೇ ಒಂದು ವಿಡಿಯೋ ಹಚ್ಚಿ, ಫೋನನ್ನು ಬೋರಲು ಮಲಗಿಸಿದರು. ಕಣ್ಣು ಮುಚ್ಚಿ ಕೇಳಿದರು.

ಎದುರಿಗೆ ಹೆಂಡತಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. "ಏನರ ತಿಳೀತೇನು?" ಎಂದು ಕೇಳಿದರು ಮಾಸ್ತರ್.

"ಯಾರಿಗೋ ಬೈಯಾಕತ್ತೀರಿ ಅಂತ ತಿಳೀತ್ರಿ... ಮತ್ತೇನೂ ತಿಳೀಲಿಲ್ಲ."

ಜೀವಮಾನದಲ್ಲಿ ಯಾರಿಗೂ ತಪ್ಪಾಯಿತು ಅನ್ನದ ಮನುಷ್ಯ, ಅವತ್ತು ಎಲ್ಲರೂ ಓದುವ ಜಾಗದಲ್ಲೇ ಬರೆದರು: "ತಪ್ಪಾತವ್ವ ತಂಗಿ. ನಾಳಿಂದ ಹೊಸದಾಗಿ ಶುರು ಮಾಡ್ತೀನಿ."

ಹಳೇ ವಿಡಿಯೋಗಳನ್ನೆಲ್ಲ ತೆಗೆದುಹಾಕಿದರು. ಮೊದಲ ಪಾಠದಿಂದ ಶುರು. ಬರೆದ ಪ್ರತಿಯೊಂದು ಗುರುತನ್ನೂ ಬಾಯಿಬಿಟ್ಟು ಹೇಳಿದರು.

"ಬ್ರಾಕೆಟ್ ಓಪನ್... ಎಕ್ಸ್ ಪ್ಲಸ್ ಎರಡು... ಬ್ರಾಕೆಟ್ ಕ್ಲೋಸ್... ಅದರ ಹೊರಗ ಮ್ಯಾಲೆ ಸಣ್ಣದೊಂದು ಎರಡು."

ವೃತ್ತದ ಪಾಠಕ್ಕೆ ಬೋರ್ಡನ್ನೇ ಮುಟ್ಟಲಿಲ್ಲ.

"ಅಡಿಗಿಮನಿಯಿಂದ ಒಂದು ಗುಂಡನ್ನ ತಾಟು ತಗೋರಿ. ಅಂಚಿನ ಸುತ್ತ ಒಂದು ಸುತ್ತು ದಾರ ಸುತ್ತಿ ಕತ್ತರಿಸ್ರಿ. ಅದ ದಾರಾ ತಾಟಿನ ನಟ್ಟನಡುವ ಅಡ್ಡ ಹಿಡೀರಿ. ಎಷ್ಟು ಸಲ ಆತು? ಮೂರು ಸಲ... ಮ್ಯಾಲೊಂದಿಷ್ಟು ಉಳೀತು. ಮನ್ಯಾಗಿನ ಯಾವ ತಾಟಾದರೂ ತಗೋರಿ, ಅಷ್ಟ ಸಲ ಆಗತೈತಿ. ಅದರಾಗ ಐತಿ ನೋಡ್ರಿ ಮಜಾ!"

ಐವತ್ತರ ಹತ್ತಿರ ಬಂದ ನಾನೂ ತಾಟು, ದಾರ ಹಿಡಿದು ಕೂತೆ. ಮನೆಯವರು ನಕ್ಕರು... ನಗಲಿ ಬಿಡಿ. ಪೈ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಹದಿನಾಲ್ಕನೇ ದಿನ ಶಾಹೀನಳ ಒಂದೇ ಸಾಲು ಬಂತು. "ಫಾರ್ಮಿನ್ಯಾಗ ಗಣಿತ ಅಂತ ಬರಸಿದೆ ಸರ್."

ಆಮೇಲೆ ಮಾಸ್ತರ ನಂಬರ್ ತೆಗೆದುಕೊಂಡು ಅವಳು ದಿನಾ ಒಂದು ಲೆಕ್ಕವನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸುವುದು... ಮಾಸ್ತರ್ ಅವಳು ಹೇಳಿದ ಹಾಗೇ ಬರೆಯುವುದು. ಬ್ರಾಕೆಟ್ ಮುಚ್ಚಲು ಮರೆತರೆ ಇವರೂ ಮುಚ್ಚುತ್ತಿರಲಿಲ್ಲ. ಉತ್ತರ ಯದ್ವಾತದ್ವಾ ಬರುತ್ತಿತ್ತು. ಇಬ್ಬರೂ ನಗುತ್ತಿದ್ದರಂತೆ.

ರಿಸಲ್ಟ್ ಬಂದ ದಿನ ನಾನು ಮಾಸ್ತರ ಮನೆಯಲ್ಲೇ ಇದ್ದೆ. ಅವಳ ಮೆಸೇಜನ್ನು ಅವರು ಸ್ಪೀಕರಿಗೆ ಹಾಕಿದರು.

"ಸರ್, ಎಂಬತ್ತಕ್ಕ ಐವತ್ತೊಂಬತ್ತು! ಪಾಸಾದೆ. ಇನ್ನೊಂದು ಮಾತು ನಿಮಗ ಹೇಳಿರಲಿಲ್ರಿ, ಪಾಸಾದ ಮ್ಯಾಲೆ ಹೇಳೋಣಂತ ಇಟ್ಕೊಂಡಿದ್ದೆ.

ನನಗ ಬರದುಕೊಟ್ಟಾಕಿ ಒಂಬತ್ತನೇ ಕ್ಲಾಸಿನ ಹುಡುಗಿ. ಗಣಿತದಾಗ ಬರೇ ಫೇಲ್ ಆಗಾಕಿ ಅಂತ. ಪೇಪರ್ ಕೊಟ್ಟು ಹೊರಗ ಬಂದ ಕೂಡಲೇ ನನ್ನ ಕೈ ಹಿಡಕೊಂಡು ಅತ್ತಳ್ರಿ.

'ಅಕ್ಕಾ, ನೀ ಹೇಳ್ಕೋತ ಹೋದಂಗ ನನಗೂ ತಿಳ್ಕೋತ ಹೋತು. ನಾ ದಡ್ಡಿ ಅಂತ ಮಾಡಿದ್ದೆ... ನನಗ ಯಾರೂ ಹಿಂಗ ಬಿಡಿಸಿ ಹೇಳೇ ಇರಲಿಲ್ಲ' ಅಂದಳು."

ಮಾಸ್ತರ್ ಆ ಮೆಸೇಜನ್ನು ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ಅವರ ಕನ್ನಡಕ ಮಂಜಾಗಿತ್ತು.

"ಮೂವತ್ತನಾಲ್ಕು ವರ್ಷ... ಎಷ್ಟು ಹುಡುಗರಿಗೆ ದಡ್ಡ ಅಂದು ಬಾಗಲಾ ತೋರಿಸೀನೋ. ಅವರನ್ನೆಲ್ಲಾ ಈಗ ಎಲ್ಲಿ ಹುಡುಕಲಿ?" ಅಂದರು.

ಅರ್ಥವಾಗದವರೆಲ್ಲ ದಡ್ಡರಲ್ಲ... ಅವರಿಗೆ ಅರ್ಥವಾಗುವ ಹಾಗೆ ಇನ್ನೂ ಯಾರೂ ಹೇಳಿಲ್ಲ, ಅಷ್ಟೇ.

"ಇದರ ತಲೆಗೆ ಗಣಿತ ಹತ್ತುವುದಿಲ್ಲ" ಎಂದು ನೀವು ಕೈಬಿಟ್ಟಿರುವ ಮಗು ನಿಮ್ಮ ಮನೆಯಲ್ಲಿ ಯಾವುದು?